ಮುಟ್ಟು 10 ದಿನ ತಡವಾಗಿದೆ, ಬಸಿರಲ್ಲದೆ ಬೇರೆ ಕಾರಣ ಇರಬಹುದಾ?

ಪುಣೆಗೆ ಬಂದು ಎರಡು ತಿಂಗಳು, ಹಿಂಜವಾಡಿಯಲ್ಲಿ ನೈಟ್ ಶಿಫ್ಟ್ ಅಂತ ಬರೆದಿದ್ದೀರಿ. ಖಂಡಿತ ಇರಬಹುದು. ಆದರೂ ದೈಹಿಕ ಸಂಬಂಧ ಆಗಿದ್ದರೆ ಮೊದಲು ಬಸಿರಿನ ಟೆಸ್ಟ್ ಮಾಡಿ. ಮೆಡಿಕಲ್‌ನಲ್ಲಿ ಕಿಟ್ ಸಿಗುತ್ತದೆ, ಡಾಕ್ಟರ್ ಚೀಟಿ ಬೇಡ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಎರಡನೇ ಗೆರೆ ಮೂಡದಿದ್ದರೆ ವಾರ ಬಿಟ್ಟು ಮತ್ತೊಮ್ಮೆ ಮಾಡಿ.

ಅದಲ್ಲ ಅಂದರೆ ನನಗೆ ಮೊದಲ ಅನುಮಾನ ನಿಮ್ಮ ಶಿಫ್ಟ್ ಮೇಲೇ. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ರಾತ್ರಿಯೆಲ್ಲ ಎಚ್ಚರ, ಊಟದ ಹೊತ್ತಿಗೆ ಒಂದು ವಡಾಪಾವ್, ಚೂಡಿದಾರ್ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋಗಿದ್ದೆ, ಎರಡು ತಿಂಗಳು ಮುಟ್ಟೇ ಬರಲಿಲ್ಲ. ನಿದ್ದೆಗೆಟ್ಟು, ಚಿಂತೆ ಜಾಸ್ತಿಯಾಗಿ, ತೂಕ ಬೇಗ ಇಳಿದಾಗ ಮೆದುಳು ಅಂಡಾಶಯಕ್ಕೆ ಕಳಿಸುವ ಹಾರ್ಮೋನ್ ಸೂಚನೆ ಕುಗ್ಗುತ್ತದೆ, ಮೊಟ್ಟೆ ತಡವಾಗಿ ಬಿಡುಗಡೆಯಾಗುತ್ತದೆ, ಮುಟ್ಟೂ ಮುಂದೆ ಹೋಗುತ್ತದೆ. ಪಿಸಿಓಡಿ (ಹಾರ್ಮೋನ್ ಏರುಪೇರಿನಿಂದ ಅಂಡಾಶಯಕ್ಕೆ ಬರುವ ತೊಂದರೆ), ಥೈರಾಯ್ಡ್, ಐ-ಪಿಲ್‌ನಂಥ ತುರ್ತು ಗರ್ಭನಿರೋಧಕ ಮಾತ್ರೆಯೂ ಕಾರಣವಾಗಬಹುದು.

ಒಂದು ಸಲ ತಪ್ಪಿದರೆ ಗಾಬರಿ ಬೇಡ. ಮೂರು ತಿಂಗಳು ಬರದಿದ್ದರೆ ಸ್ತ್ರೀರೋಗ ಡಾಕ್ಟರಿಗೆ ತೋರಿಸಿ, ಸುಮ್ನೆ ಕಾಯಬೇಡಿ. ಕಿಬ್ಬೊಟ್ಟೆಯಲ್ಲಿ ಜೋರು ನೋವು, ತಲೆಸುತ್ತು ಬಂದರೆ ಮಾತ್ರ ಟೆಸ್ಟ್‌ಗೂ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.