ಎಲ್ಲವನ್ನೂ ನೀವೇ ಮಾಡಬೇಕಿಲ್ಲ, ಸಿಸ್ಟರ್

ವರ್ಷಗಟ್ಟಲೆ ಸ್ಟಾಫ್ ನರ್ಸ್ ಆಗಿದ್ದ ಓದುಗರೊಬ್ಬರನ್ನು ಈಗ ವಾರ್ಡ್ ಇನ್‌ಚಾರ್ಜ್ ಮಾಡಿದ್ದಾರೆ. 'ರೋಗಿಯ ಆರೈಕೆ ಗೊತ್ತು, ಜೊತೆಯವರಿಂದ ಕೆಲಸ ಮಾಡಿಸಲು ಬರುವುದಿಲ್ಲ. ಕೊನೆಗೆ ಎಲ್ಲವನ್ನೂ ನಾನೇ ಮಾಡಿ ಸುಸ್ತಾಗುತ್ತೇನೆ. ನಾಯಕತ್ವ ಹುಟ್ಟಿನಿಂದಲೇ ಬರಬೇಕೇ?' ಎಂದು ಅವರು ಕೇಳಿದ್ದಾರೆ.

ಸಂಪಾದಕರ ಉತ್ತರ: ಖಂಡಿತ ಇಲ್ಲ. ಇಂಜೆಕ್ಷನ್ ಕೊಡುವುದನ್ನು ಕಲಿತ ಹಾಗೆಯೇ ಇದನ್ನೂ ಕಲಿಯಬಹುದು. ನಿಮಗೆ ತೊಡಕಾಗಿರುವುದು 'ಎಲ್ಲವನ್ನೂ ನಾನೇ' ಎಂಬ ಅಭ್ಯಾಸ. ಹೊಸ ಹುಡುಗಿಗೆ ನರ ಸಿಗದಿದ್ದಾಗ ಅವಳ ಕೈಯಿಂದ ಕ್ಯಾನುಲಾ (ನರದೊಳಗೆ ಹಾಕುವ ಸಣ್ಣ ಕೊಳವೆ) ತೆಗೆದುಕೊಂಡು ನೀವೇ ಹಾಕಿದರೆ ಆ ಹೊತ್ತಿನ ಕೆಲಸ ಮುಗಿಯುತ್ತದೆ. ನಾಳೆ ನೈಟ್ ಡ್ಯೂಟಿಯಲ್ಲಿ ಅವಳೊಬ್ಬಳೇ ಇದ್ದಾಗ? ಪಕ್ಕದಲ್ಲಿ ನಿಂತು ಹೇಳಿಕೊಡಿ, ರೋಗಿಗೆ ತೊಂದರೆಯಾಗುತ್ತಿದೆ ಅನ್ನಿಸಿದರೆ ಮಾತ್ರ ಕೈಹಾಕಿ. ಕೆಲಸ ಹಂಚುವಾಗ ಯಾರಿಗೆ ಏನು ಬರುತ್ತದೆ ಎಂದು ನೋಡಿ ಹಂಚಿ, ಆಯಿತೇ ಎಂದು ಆಮೇಲೆ ವಿಚಾರಿಸಿ. ತಪ್ಪಾದರೆ ರೋಗಿಯ ಎದುರು ಬೇಡ, ಬೇರೆ ಕರೆದು ಹೇಳಿ.

ಇದಕ್ಕಿಂತ ಕಷ್ಟದ್ದು ಡಾಕ್ಟರ ಎದುರು ಮಾತಾಡುವುದು. ನನ್ನ ಪ್ರಕಾರ ನರ್ಸ್ ಒಬ್ಬರ ನಾಯಕತ್ವ ನಿಜವಾಗಿ ಕಾಣುವುದು ಇಲ್ಲೇ. 'ಡಾಕ್ಟ್ರೇ, ಏಳನೇ ಬೆಡ್‌ನವರು ಯಾಕೋ ಸರಿಯಿಲ್ಲ' ಎಂದು ನಡುರಾತ್ರಿ ಫೋನ್ ಮಾಡಿದರೆ 'ಬೆಳಿಗ್ಗೆ ನೋಡೋಣ' ಎಂಬ ಉತ್ತರ ಬಂದೀತು. ಅದನ್ನೇ ಹೀಗೆ ಹೇಳಿ: 'ಏಳನೇ ಬೆಡ್‌ನವರ ಬಿ.ಪಿ. ಒಂದು ಗಂಟೆಯಲ್ಲಿ 120/80ರಿಂದ 90/60ಕ್ಕೆ ಇಳಿದಿದೆ, ನಾಡಿ 120. ನಿನ್ನೆ ಹೊಟ್ಟೆಯ ಆಪರೇಷನ್ ಆಗಿದೆ. ಒಳಗೆ ರಕ್ತಸ್ರಾವ ಇರಬಹುದೆಂಬ ಅನುಮಾನ. ನೀವು ಈಗಲೇ ಬಂದು ನೋಡಬೇಕು.' ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಆಗಬೇಕಾದ್ದು: ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಎಸ್‌ಬಿಎಆರ್ ಎನ್ನುವ ಈ ಕ್ರಮ ಆಸ್ಪತ್ರೆಗಳಿಗೆ ಬಂದದ್ದು ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ. ಪ್ರತಿ ಶಿಫ್ಟ್‌ನ ಹ್ಯಾಂಡ್‌ಓವರ್‌ನಲ್ಲೂ (ಮುಂದಿನ ಶಿಫ್ಟ್‌ನವರಿಗೆ ರೋಗಿಗಳ ವಿವರ ಒಪ್ಪಿಸುವಾಗ) ಕಿರಿಯರಿಂದ ಹೀಗೆಯೇ ಹೇಳಿಸಿ. ನಿಜವಾದ ತುರ್ತು ಬಂದಾಗ ಅವರ ನಾಲಿಗೆ ತಡವರಿಸುವುದಿಲ್ಲ.

ಇನ್ನೊಂದು, ಲೆಕ್ಕ ಇಡಿ. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ಎಲ್ಲರಿಗೂ ದೀಪವೇ ನೆನಪು. ಆದರೆ ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂದು 1858ರಲ್ಲಿ ಅವರು ಅಂಕಿಅಂಶಗಳ ಚಿತ್ರ ಬರೆದು ತೋರಿಸಿದರು. ನಿಮ್ಮ ವಾರ್ಡಿನಲ್ಲಿ ಈ ತಿಂಗಳು ಎಷ್ಟು ಜನರಿಗೆ ಬೆಡ್‌ಸೋರ್ (ಮಲಗಿದಲ್ಲೇ ಮಲಗಿ ಆಗುವ ಹುಣ್ಣು) ಆಯಿತು, ಎಷ್ಟು ಜನ ಜಾರಿ ಬಿದ್ದರು, ಆ ಶಿಫ್ಟ್‌ಗಳಲ್ಲಿ ಎಷ್ಟು ನರ್ಸ್‌ಗಳಿದ್ದರು? 'ಸಿಬ್ಬಂದಿ ಸಾಲದು' ಎಂಬ ಬಾಯಿಮಾತಿಗೆ ಇಲ್ಲದ ತೂಕ ಇದನ್ನೆಲ್ಲ ಬರೆದಿಟ್ಟ ಹಾಳೆಗೆ ಇರುತ್ತದೆ.

ಹಾಗೆಂದು ಹೊರೆಯೆಲ್ಲ ನಿಮ್ಮ ತಲೆಗೇ ಕಟ್ಟುವುದು ಅನ್ಯಾಯ. ಜಗತ್ತಿನ ಆರೋಗ್ಯ ಸಿಬ್ಬಂದಿಯಲ್ಲಿ ಸುಮಾರು ಶೇ. 70ರಷ್ಟು ಮಹಿಳೆಯರಿದ್ದರೂ ಉನ್ನತ ಹುದ್ದೆಗಳಲ್ಲಿ ಅವರು ಶೇ. 25 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತ್ತು. ಸಾಮರ್ಥ್ಯ ಇಲ್ಲದ್ದರಿಂದ ಹೀಗಾಯಿತೆಂದು ನಾನು ಒಪ್ಪಲಾರೆ. ತರಬೇತಿಯನ್ನೂ ಕೊಡದೆ, ರೋಗಿಗಳ ಹೊರೆಯನ್ನೂ ಇಳಿಸದೆ ಇನ್‌ಚಾರ್ಜ್ ಎಂಬ ಹೆಸರನ್ನಷ್ಟೇ ಕೊಟ್ಟರೆ ಯಾರಿಗಾದರೂ ಸುಸ್ತಾಗುತ್ತದೆ. ರೋಸ್ಟರ್ ಹಾಕಲು, ಕಿರಿಯರಿಗೆ ಕಲಿಸಲು ದಿನಕ್ಕೊಂದು ಗಂಟೆ ಬಿಡುವು ಬೇಕು, ಮಾರ್ಗದರ್ಶನಕ್ಕೆ ಅನುಭವಿ ಇನ್‌ಚಾರ್ಜ್ ಒಬ್ಬರು ಬೇಕು ಎಂದು ನರ್ಸಿಂಗ್ ಸೂಪರಿಂಟೆಂಡೆಂಟರನ್ನು ಕೇಳಿ. ಬಾಯಲ್ಲಿ ಹೇಳಿ ಬಿಡಬೇಡಿ, ಆ ಲೆಕ್ಕದ ಹಾಳೆಯನ್ನೂ ಲಗತ್ತಿಸಿ ಬರೆದು ಕೊಡಿ.