ಮೈನಸ್ ಮೈನಸ್ ಪ್ಲಸ್ ಅಲ್ವಾ ಅಕ್ಕ?

ಕೆಲಸ ಬಿಟ್ಟು ಟೀಚರ್ ಆಗಬೇಕು ಅಂತ ನನ್ನ ಹತ್ತಿರ ಸಲಹೆ ಕೇಳಲು ಬರುವವರು ಈಚೆಗೆ ಜಾಸ್ತಿ. ಈಗಿನ ಕೆಲಸ ಸಾಕಾಗಿರುತ್ತದೆ, ಇಲ್ಲವೇ ಯಾರೋ ‘ಹೆಣ್ಣುಮಕ್ಕಳಿಗೆ ಒಳ್ಳೇದು, ಸಂಜೆ ಹೊತ್ತಿಗೆ ಮನೆ ಸೇರಬಹುದು’ ಅಂದಿರುತ್ತಾರೆ. ಹತ್ತನೇ ತರಗತಿಯ ವಿಶೇಷ ಕ್ಲಾಸು, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, ಚುನಾವಣೆ ಡ್ಯೂಟಿ ಯಾವುದೂ ಅವರ ತಲೆಯಲ್ಲಿ ಇರುವುದಿಲ್ಲ.

ಹೀಗೆ ಬಂದ ಒಬ್ಬ ಹುಡುಗಿಯೂ ಹಾಗೇ ಅಂದುಕೊಂಡಿದ್ದೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಪಿಸಿಎಂನಲ್ಲಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಬಿಎಸ್ಸಿ, ಕಂಪನಿ ಕೆಲಸ, ತೀರಿಸಬೇಕಾದ ಸಾಲ. ಬಿ.ಎಡ್. ಮಾಡ್ತೀನಿ ಅಂದಿದ್ದಕ್ಕೆ ಅಪ್ಪ ಮಾತು ಬಿಟ್ಟಿದ್ದರು.

‘ಹೈಸ್ಕೂಲೇ ಯಾಕೆ?’ ಅಂದೆ. ‘ಮಕ್ಕಳಂದ್ರೆ ಇಷ್ಟ ಮೇಡಂ.’ ಈ ಉತ್ತರ ನನಗೆ ಹಿಡಿಸುವುದಿಲ್ಲ. ಎಂಟನೇ ಕ್ಲಾಸಿನವರು ಎತ್ತಿ ಮುದ್ದಾಡುವ ಮಕ್ಕಳಲ್ಲ, ಎದುರು ಮಾತಾಡುವ ವಯಸ್ಸು ಅದು. ‘ಈಚೆಗೆ ಯಾರಿಗಾದರೂ ಏನಾದರೂ ಹೇಳಿಕೊಟ್ಟಿದ್ದೀಯಾ?’ ಅಂತ ಕೇಳಿದೆ.

ಪಕ್ಕದ ಮನೆ ಹುಡುಗ −3−2 ಅಂದರೆ 5 ಅಂತ ಬರೆದಿದ್ದನಂತೆ. ‘ಮೈನಸ್ ಮೈನಸ್ ಪ್ಲಸ್ ಅಲ್ವಾ ಅಕ್ಕ?’

‘ಅವನು ದಡ್ಡ ಅಲ್ಲ ಮೇಡಂ. ಗುಣಾಕಾರದ ನಿಯಮಾನ ತಂದು ಇಲ್ಲಿ ಹಾಕಿದ್ದ.’ ಅಂಗಡಿಯಲ್ಲಿ ಮೂರು ರೂಪಾಯಿ ಸಾಲ, ಮತ್ತೆ ಎರಡು ರೂಪಾಯಿ ಸಾಲ, ಒಟ್ಟು ಐದು ರೂಪಾಯಿ ಸಾಲ, ಅಂದರೆ −5 ಅಂದಾಗ ಒಪ್ಪಿಕೊಂಡನಂತೆ. ಆದರೆ ಬಿಡಲಿಲ್ಲ: ‘ಹಾಗಾದ್ರೆ ಗುಣಿಸಿದಾಗ ಮಾತ್ರ ಯಾಕೆ ಪ್ಲಸ್ ಆಗುತ್ತೆ?’

‘ನನಗೆ ಬಾಯಿಪಾಠ ಮಾಡ್ಕೋ ಅಂದಿದ್ದರು. ಅವನಿಗೆ ಹಾಗನ್ನೋಕೆ ಮನಸ್ಸು ಬರಲಿಲ್ಲ.’ ನನ್ನ ಮುಂದಿದ್ದ ಹಾಳೆ ಎಳೆದುಕೊಂಡು ಒಂದರ ಕೆಳಗೊಂದು ಬರೆದಳು: 2×(−3)=−6, 1×(−3)=−3, 0×(−3)=0. ‘ಪ್ರತಿ ಸಲ ಮೂರು ಜಾಸ್ತಿ ಆಗ್ತಿದೆ ನೋಡಿ. ಈಗ −1ರಿಂದ ಗುಣಿಸಿದರೆ ಏನು ಬರಬೇಕು?’ ಕೇಳಿ ಸುಮ್ಮನೆ ಕೂತಳು. ಉತ್ತರ ತಾನೇ ಹೇಳಲಿಲ್ಲ. ನಾನೇ ‘ಮೂರು’ ಅನ್ನಬೇಕಾಯಿತು.

ಮಗುವಿನ ತಪ್ಪು ಉತ್ತರ ಎಲ್ಲಿಂದ ಬಂತು ಅಂತ ಹುಡುಕುವ ಹುಚ್ಚು ಇದ್ದವರಿಗೇ ಈ ಕೆಲಸ ಅನ್ನುವುದು ನನ್ನ ನಂಬಿಕೆ. ವರ್ಷ ವರ್ಷ ಅದೇ ಪಾಠ, ಅದೇ ತಪ್ಪು. ಆ ಹುಚ್ಚಿಲ್ಲದಿದ್ದರೆ ಬೇಗ ಬೇಜಾರಾಗುತ್ತದೆ, ಅದನ್ನು ಮಕ್ಕಳು ಅನುಭವಿಸಬೇಕಾಗುತ್ತದೆ.

ಹಾಗಂತ ನಾಳೆಯೇ ರಾಜೀನಾಮೆ ಕೊಡು ಅನ್ನಲಿಲ್ಲ. ಮೊದಲು ಸಾಲ ತೀರಲಿ. ಬಿ.ಎಡ್. ಎರಡು ವರ್ಷ, ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕು, ನಿಜ ಏನು ಅಂತ ಅಲ್ಲಿ ತಿಳಿಯುತ್ತದೆ. ಸರ್ಕಾರಿ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ. ಖಾಸಗಿ ಶಾಲೆಯಲ್ಲಿ ಸಂಬಳ ಈಗಿನದಕ್ಕಿಂತ ಕಡಿಮೆ ಇರಬಹುದು. ಇಷ್ಟನ್ನೂ ಬರೆದು ಅಪ್ಪನ ಮುಂದಿಡು ಅಂದೆ.

‘ಮನೆಯವರನ್ನು ಎದುರು ಹಾಕಿಕೊಳ್ಳುವ ಸಲಹೆ’ ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಆ ಅಪ್ಪನಿಗಿರುವುದು ದುಡ್ಡಿನ ಭಯ. ‘ಇದು ನನ್ನ ಕನಸು’ ಅಂತ ಹೇಳಿದಷ್ಟೂ ಅದು ಹೆಚ್ಚುತ್ತದೆ, ಅವರಿಗೆ ಲೆಕ್ಕವನ್ನೇ ತೋರಿಸಬೇಕು. ತೋರಿಸಿದಳು. ಸಾಲದ ಕಂತು ಇನ್ನೆಷ್ಟಿದೆ ಅಂತ ಕೇಳಿದರಂತೆ. ಮುಂದಿನ ಸಲ ಅವರೂ ಬರುತ್ತಾರಂತೆ, ನನ್ನನ್ನು ತರಾಟೆಗೆ ತೆಗೆದುಕೊಳ್ಳುವುದಕ್ಕೇ ಇರಬೇಕು.