ಬಿಲ್ ಫೇ ಅವರ 1971ರ ಆಲ್ಬಂ ಇಷ್ಟು ಭಾರವಾಗಿದೆ, ಮತ್ತೆ ಕೇಳಬೇಕಾ?

ಇಂಗ್ಲೆಂಡಿನ ಗಾಯಕ, ಹಾಡುಗಾರ ಬಿಲ್ ಫೇ ಅವರ 'ಟೈಮ್ ಆಫ್ ದಿ ಲಾಸ್ಟ್ ಪರ್ಸಿಕ್ಯೂಷನ್' ಅನ್ನು ಒಂದು ಸಲ ಪೂರ್ತಿ ಕೇಳಿದೆ, ಮನಸ್ಸು ಭಾರವಾಯಿತು, ನೆಮ್ಮದಿಯಾಗಿ ಶುರುವಾದ ಹಾಡಿನ ನಡುವೆ ಗಿಟಾರ್ ಯಾಕೆ ಹಾಗೆ ಕಿರುಚುತ್ತದೆ ಅಂತ ಗೊತ್ತಾಗಲಿಲ್ಲ, ಇನ್ನೊಮ್ಮೆ ಕೇಳಲು ಏನಾದರೂ ಕಾರಣ ಇದೆಯಾ ಅಂತ ಕೇಳಿದ್ದೀರಿ. ಕಾರಣ ಖಂಡಿತ ಇದೆ. ಅದು ಆ ಗಿಟಾರ್‌ನಲ್ಲೇ ಇದೆ.

ನುಡಿಸಿದ್ದು ರೇ ರಸೆಲ್. ಜಾಝ್ ಕಡೆಯಿಂದ ಬಂದವರು. ಆಲ್ಬಂನ ನಿರ್ಮಾಪಕರೂ ಅವರೇ. ಈಗ ಫೇ ಅವರ ದನಿ ಗಮನಿಸಿ. ಪಿಯಾನೋ ಮುಂದೆ ಕೂತು, ಹೆಚ್ಚುಕಮ್ಮಿ ಮಾತಾಡುವ ಹಾಗೆ ಹಾಡುತ್ತಾರೆ. ಲೋಕ ಮುಗಿಯುತ್ತಿದೆ ಅನ್ನುವ ಸಾಲಿಗೂ ದನಿ ಏರಿಸುವುದಿಲ್ಲ, ಅಳುವುದಿಲ್ಲ, ಸುಮ್ನೆ ಕಂಡದ್ದನ್ನು ಹೇಳಿ ಮುಂದಕ್ಕೆ ಹೋಗುತ್ತಾರೆ. ಅವರು ನುಂಗಿಕೊಂಡ ಹೆದರಿಕೆಯೆಲ್ಲ ರಸೆಲ್ ಅವರ ತಂತಿಗಳಿಂದ ಹೊರಗೆ ಬರುತ್ತದೆ. ಆಲ್ಬಂನ ಹೆಸರನ್ನೇ ಹೊತ್ತಿರುವ ಹಾಡು ಕೊನೆಯ ಹತ್ತಿರ ಬರುತ್ತದಲ್ಲ, ಅಲ್ಲಿ ಇದು ಚೆನ್ನಾಗಿ ಕೇಳಿಸುತ್ತದೆ. ಹಾಡುವವರು ತಣ್ಣಗಿದ್ದಾರೆ, ಗಿಟಾರ್ ತಡೆದುಕೊಳ್ಳಲಾಗದೆ ಒಡೆದುಹೋಗುತ್ತದೆ. ಅದನ್ನು ತೆಗೆದುಬಿಟ್ಟರೆ ಹಾಡು ಅರ್ಧವೇ ಉಳಿಯುತ್ತದೆ.

ಆ ಹೆದರಿಕೆಗೆ ಆಧಾರವೂ ಇತ್ತು. 1970ರ ಮೇ 4ರಂದು ಅಮೆರಿಕದ ಓಹಿಯೋದಲ್ಲಿ, ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧ ಸೇರಿದ್ದ ವಿದ್ಯಾರ್ಥಿಗಳ ಮೇಲೆ ನ್ಯಾಷನಲ್ ಗಾರ್ಡ್ ಅನ್ನುವ ಸೈನಿಕ ಪಡೆ ಗುಂಡು ಹಾರಿಸಿತು. 4 ಜನ ಸತ್ತರು. ಆಲ್ಬಂ ಹೆಸರಿನ ಆ ಹಾಡು ಹುಟ್ಟಿದ್ದು ಈ ಸುದ್ದಿಯಿಂದ. ಆಗ ಫೇ ಲಂಡನ್ನಿನಲ್ಲಿ, ಇನ್ನೂ ಮೂವತ್ತು ತುಂಬದ ಹುಡುಗ, ಬೈಬಲ್ಲಿನ ಕೊನೆಗಾಲದ ಮಾತುಗಳನ್ನು ಮನಸ್ಸಿಟ್ಟು ಓದುತ್ತಿದ್ದರು. ಪೇಪರಿನಲ್ಲಿ ಬರುತ್ತಿದ್ದದ್ದು, ಆ ಹಳೆಯ ಪುಟಗಳಲ್ಲಿ ಇದ್ದದ್ದು ಅವರಿಗೆ ಒಂದೇ ಆಗಿ ಕಂಡಿತು. ನಿಮಗೆ ಆ ನಂಬಿಕೆ ಇರಲೇಬೇಕು ಅಂತಿಲ್ಲ, ನನಗೂ ಇಲ್ಲ. ಆದರೆ ಅವರು ಅದನ್ನು ಅಲಂಕಾರಕ್ಕೆ ಬಳಸುತ್ತಿಲ್ಲ, ನಿಜವಾಗಿ ನಂಬಿ ಹೇಳುತ್ತಿದ್ದಾರೆ ಅನ್ನುವುದು ದನಿಯಲ್ಲೇ ತಿಳಿಯುತ್ತದೆ.

ಫೇ ಅವರನ್ನು ಗಾಯಕ ನಿಕ್ ಡ್ರೇಕ್ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಜಾಸ್ತಿ. ಅದೇ ಕಾಲ, ಅದೇ ದೇಶ, ಇಬ್ಬರದೂ ಆಗ ಮಾರಾಟವಾಗಲಿಲ್ಲ, ಸರಿ. ಆದರೆ ಡ್ರೇಕ್ ಅವರ 'ಪಿಂಕ್ ಮೂನ್' ಕೇಳುವಾಗ ಒಬ್ಬ ಮನುಷ್ಯ ಒಳಗೊಳಗೇ ದೂರ ಸರಿಯುತ್ತಿರುವ ಹಾಗೆ ಅನಿಸುತ್ತದೆ. ಫೇ ಹೊರಗೆ ನೋಡುತ್ತಿದ್ದಾರೆ. ಅವರ ದುಃಖ ತನ್ನ ಬಗ್ಗೆ ಕಡಿಮೆ, ಊರಿನ ಬಗ್ಗೆ, ಫ್ಯಾಕ್ಟರಿಯಲ್ಲಿ ಕಳೆದುಹೋಗುವ ದಿನಗಳ ಬಗ್ಗೆ, ಬೇರೆಯವರ ಮಕ್ಕಳ ಬಗ್ಗೆ. ಇದು ಒಮ್ಮೆ ಹೊಳೆದರೆ ಆಲ್ಬಂ ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ಜೊತೆಗೆ ಕೂರಿಸಿಕೊಳ್ಳುತ್ತದೆ. ಎರಡನೆಯ ಹಾಡು ಕೇಳಿದ್ದೀರಲ್ಲ, ನನ್ನ ಚೆಂಡುಹೂಗಳು ಸಾಯದ ಹಾಗೆ ನೋಡಿಕೊಳ್ಳಿ ಅಂತ ಕೇಳಿಕೊಳ್ಳುವುದು? ಇಷ್ಟೆಲ್ಲ ಕತ್ತಲೆಯ ನಡುವೆ ಅಷ್ಟು ಚಿಕ್ಕ ಕೋರಿಕೆ. ನನಗೆ ಇಡೀ ಆಲ್ಬಂನಲ್ಲಿ ಅದೇ ತುಂಬಾ ಇಷ್ಟ.

ಇನ್ನೊಂದು ವಿಷಯ. ಕವರ್ ಮೇಲಿನ ಆ ಗಡ್ಡದ ಕಪ್ಪುಬಿಳುಪು ಫೋಟೋ ನೋಡಿ, ಈ ಮನುಷ್ಯ ತಲೆಕೆಟ್ಟು ಕಾಣೆಯಾದ ಅಂತ ಬಹಳ ವರ್ಷ ಕಥೆ ಹರಡಿತ್ತು. ದಯವಿಟ್ಟು ಅದನ್ನು ತಲೆಯಲ್ಲಿ ಇಟ್ಟುಕೊಂಡು ಕೇಳಬೇಡಿ. ಆಗಿದ್ದು ಇಷ್ಟೇ: ರೆಕಾರ್ಡ್ ಮಾರಾಟವಾಗಲಿಲ್ಲ, ಕಂಪನಿ ಕೈಬಿಟ್ಟಿತು, ಇವರು ತೋಟ ನೋಡಿಕೊಳ್ಳುವುದು, ಮೀನು ಪ್ಯಾಕ್ ಮಾಡುವುದು, ಹೀಗೆ ಸಿಕ್ಕ ಕೆಲಸ ಮಾಡಿಕೊಂಡು ಮನೆಯಲ್ಲಿ ಹಾಡು ಬರೆಯುತ್ತಲೇ ಇದ್ದರು. 1998ರಲ್ಲಿ ಹಳೆಯ ಆಲ್ಬಂಗಳು ಸಿಡಿಯಲ್ಲಿ ಮತ್ತೆ ಬಂದವು. ಅಮೆರಿಕದ ವಿಲ್ಕೋ ಬ್ಯಾಂಡಿನ ಜೆಫ್ ಟ್ವೀಡಿ ಇವರ ಹಾಡನ್ನು ವೇದಿಕೆ ಮೇಲೆ ಹಾಡತೊಡಗಿದರು. ಅಪ್ಪನ ರೆಕಾರ್ಡ್‌ಗಳ ನಡುವೆ ಫೇ ಅವರನ್ನು ಕಂಡುಕೊಂಡ ಜೋಶುವಾ ಹೆನ್ರಿ ಅನ್ನುವವರು ನಿರ್ಮಾಪಕರಾಗಿ ನಿಂತು 2012ರಲ್ಲಿ 'ಲೈಫ್ ಈಸ್ ಪೀಪಲ್' ಹೊರತಂದರು. ಅದರಲ್ಲಿ ಅದೇ ರೇ ರಸೆಲ್ ಗಿಟಾರ್, 1971ರ ಆಲ್ಬಂನಲ್ಲಿ ನುಡಿಸಿದ್ದ ಅಲನ್ ರಷ್ಟನ್ ಅವರದೇ ಡ್ರಮ್ಸ್, 41 ವರ್ಷದ ಮೇಲೆ! ಫೇ ತೀರಿಕೊಂಡದ್ದು 2025ರ ಫೆಬ್ರವರಿಯಲ್ಲಿ, 81ನೇ ವಯಸ್ಸಿನಲ್ಲಿ.

ಹಾಗಾದರೆ ಹೇಗೆ ಕೇಳುವುದು? ಮೊದಲು ಅವರ 1970ರ ಆಲ್ಬಂ ಹಾಕಿ, ಅವರ ಹೆಸರೇ ಅದಕ್ಕೂ. ಮೈಕ್ ಗಿಬ್ಸ್ ಕೂಡಿಸಿದ ದೊಡ್ಡ ವಾದ್ಯಮೇಳ, ತೋಟ, ಗಿಡ, ಮಣ್ಣು. ಅದು ಮುಗಿದ ಕೂಡಲೇ ಇದನ್ನು ಹಾಕಿ. ಒಂದೇ ವರ್ಷದಲ್ಲಿ ಆ ವಾದ್ಯಮೇಳ ಹೋಗಿ ಹೆಚ್ಚಾಗಿ ಪಿಯಾನೋ, ಬೇಸ್, ಡ್ರಮ್ಸ್, ಗಿಟಾರ್ ಉಳಿದದ್ದು ಎಂಥ ಹೊಡೆತ ಅಂತ ಆಗ ಗೊತ್ತಾಗುತ್ತದೆ. ಕೆಲಸ ಮಾಡುತ್ತಾ ಹಿನ್ನೆಲೆಯಲ್ಲಿ ಹಾಕಬೇಡಿ, ಗಿಟಾರ್ ಬರೀ ಗದ್ದಲ ಅನಿಸುತ್ತದೆ. ನಿಮ್ಮ ಮನಸ್ಸು ಆಗಲೇ ಕುಗ್ಗಿರುವ ದಿನವೂ ಬೇಡ. 14 ಹಾಡುಗಳನ್ನು ಒಂದೇ ಸಲಕ್ಕೆ ಮುಗಿಸುವುದು ಕಷ್ಟ ಅನಿಸಿದರೆ 'ಐ ಹಿಯರ್ ಯೂ ಕಾಲಿಂಗ್' ಒಂದನ್ನೇ ಒಂದೆರಡು ದಿನ ಕೇಳಿ. ಅದು ಹಿಡಿಸಿದರೆ ಉಳಿದದ್ದಕ್ಕೆ ನೀವೇ ವಾಪಸ್ ಹೋಗುತ್ತೀರಿ. ಆಗಲೂ ಗಿಟಾರ್ ತಡೆಯಲಾಗದಿದ್ದರೆ 'ಲೈಫ್ ಈಸ್ ಪೀಪಲ್' ಕೇಳಿ. ಅಲ್ಲಿ ರಸೆಲ್ ಬಹಳ ಮೆತ್ತಗಿದ್ದಾರೆ.